ಹೊದಿಕೆಯ ಮೇಲಿನ ಹೆಸರು

ಕಳೆದ ಯುಗಾದಿಯ ಮರುದಿನ ನಮ್ಮ ಮನೆಗೆ ಊಟಕ್ಕೆ ಬಂದಿದ್ದ ಮಿತ್ರರಿಗೆ ನಾವೊಂದು ತಪ್ಪೊಪ್ಪಿಗೆ ಸಲ್ಲಿಸಬೇಕಾಗಿದೆ. ಅಂದು ಹಳೆ ಸಾಮಾನಿನ ಅಂಗಡಿಯಿಂದ ತಂದ ಗ್ರಾಮಫೋನ್ ತಟ್ಟೆಯೊಂದನ್ನು ಹಾಕಿ, "ಇದನ್ನು ನುಡಿಸುತ್ತಿರುವಾತ ಸಾವಿನ ಅಂಚಿನಲ್ಲಿದ್ದವನು, ಆ ನೋವು ಒಂದೊಂದು ಸ್ವರದಲ್ಲೂ ಇದೆ" ಎಂದು ಭಾಷಣ ಬಿಗಿದಿದ್ದೆವು. ಅತ್ತಿಗೆಯವರೊಬ್ಬರು ಕಣ್ಣೊರೆಸಿಕೊಂಡದ್ದೂ ಉಂಟು. ನುಡಿಸುತ್ತಿದ್ದದ್ದು ಆತನಲ್ಲ; ಗಂಡಸೇ ಅಲ್ಲ!

ಹೊದಿಕೆಯ ಮೇಲಿದ್ದ ಹೆಸರು ದಿನು ಲಿಪಾಟಿ. 1917ರಲ್ಲಿ ಬುಖಾರೆಸ್ಟಿನಲ್ಲಿ ಹುಟ್ಟಿದ ಈ ಪಿಯಾನೋ ವಾದಕ ಹಾಜ್ಕಿನ್ಸ್ ಕಾಯಿಲೆಯಿಂದ 1950ರ ಡಿಸೆಂಬರ್ 2ರಂದು ಜಿನೀವಾದಲ್ಲಿ ತೀರಿಕೊಂಡಾಗ ವಯಸ್ಸು 33. ಹೆಚ್ಚುಕಡಿಮೆ ನಮ್ಮದೇ ಓರಗೆ. ಬಿಟ್ಟುಹೋದ ಧ್ವನಿಮುದ್ರಣಗಳು ಕೆಲವೇ. ಒಬ್ಬ ವಾದಕನೂ ಇಡೀ ವಾದ್ಯವೃಂದವೂ ಕೂಡಿ ನುಡಿಸುವ ಕನ್ಸರ್ಟೋಗಳಲ್ಲಿ ಎರಡು ಬಹಳ ಪ್ರಸಿದ್ಧ: 1947ರಲ್ಲಿ ಗ್ರೀಗನದು, 1948ರಲ್ಲಿ ಶೂಮನ್ನನದು. ಎರಡೂ ಲಂಡನ್ನಿನಲ್ಲಿ, ಫಿಲ್ಹಾರ್ಮೋನಿಯಾ ವೃಂದದೊಡನೆ. ಗ್ರೀಗನ ಕೃತಿಗೆ ಗಾಲಿಯೇರಾ, ಶೂಮನ್ನನದಕ್ಕೆ ಕಾರಾಯಾನ್ ನಿರ್ದೇಶಕರು.

ಆ ಕಾಲದ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಯುತ್ತಿದ್ದದ್ದು ನಾಲ್ಕೈದು ನಿಮಿಷ. ಅರ್ಧ ಗಂಟೆಯ ಕೃತಿಯನ್ನು ತುಂಡು ತುಂಡಾಗಿ ನುಡಿಸಬೇಕು. ಆದರೂ ಈ ಶೂಮನ್ನನಲ್ಲಿ ಹೊಲಿಗೆಯ ಗುರುತಿಲ್ಲ. ಕ್ಲಾರಿನೆಟ್ ಹಾಡತೊಡಗಿದಾಗ ಲಿಪಾಟಿಯ ಪಿಯಾನೋ ಒಳ್ಳೆಯ ಪಕ್ಕವಾದ್ಯದಂತೆ ಮೆಲ್ಲನೆ ಹಿಂದೆ ಸರಿದು ದಾರಿ ಬಿಡುತ್ತದೆ.

ನಾವು ತಂದದ್ದು ಮಾತ್ರ ಶೋಪ್ಯಾನನ ಇ ಮೈನರ್ ಕನ್ಸರ್ಟೋ; 1830ರಲ್ಲಿ, ತನ್ನ 20ನೆಯ ವಯಸ್ಸಿನಲ್ಲಿ, ಆತ ವಾರ್ಸಾದಲ್ಲಿ ಮೊದಲು ನುಡಿಸಿದ ಕೃತಿ. ಲಿಪಾಟಿಯ ಹೆಸರಿನಲ್ಲಿ ಇದರ ತಟ್ಟೆ 1960ರ ದಶಕದಲ್ಲಿ ಹೊರಬಂತು. ವರ್ಷಗಟ್ಟಲೆ ಯಾರಿಗೂ ಅನುಮಾನ ಬರಲಿಲ್ಲ. 1981ರಲ್ಲಿ ಬಿಬಿಸಿ ಅದನ್ನು ಪ್ರಸಾರ ಮಾಡಿದಾಗ ಕೇಳುಗರೊಬ್ಬರು, ಇದು ಪೋಲೆಂಡಿನ ಹಲೀನಾ ಚೆರ್ನಿ-ಸ್ತೆಫಾನ್ಸ್ಕಾ ಅವರ ತಟ್ಟೆಯಂತೆಯೇ ಇದೆಯಲ್ಲ ಎಂದು ಎತ್ತಿ ತೋರಿಸಿದರು. ಹೋಲಿಸಿ ನೋಡಿದರೆ ಎರಡೂ ಒಂದೇ! ಆಕೆ 1949ರ ವಾರ್ಸಾ ಶೋಪ್ಯಾನ್ ಸ್ಪರ್ಧೆಯಲ್ಲಿ ಮೊದಲ ಬಹುಮಾನ ಹಂಚಿಕೊಂಡವರು, ಚೆಕ್ ಫಿಲ್ಹಾರ್ಮೋನಿಕ್ ಜೊತೆ ಇದನ್ನು ನುಡಿಸಿದಾಗ ಮೂವತ್ತರ ಆಸುಪಾಸಿನ ತರುಣಿ, 2001ರವರೆಗೂ ಬಾಳಿದರು. ಲಿಪಾಟಿ 1950ರ ಫೆಬ್ರವರಿಯಲ್ಲಿ ಜ್ಯೂರಿಕ್ಕಿನಲ್ಲಿ ಇದೇ ಕೃತಿಯನ್ನು ನಿಜವಾಗಿ ನುಡಿಸಿದ್ದರ ಮುದ್ರಣವೂ ಆಮೇಲೆ ಬೆಳಕಿಗೆ ಬಂತು.

ಇದನ್ನೆಲ್ಲ ಓದಿದ ರಾತ್ರಿ ನಮಗೆ ಸರಿಯಾಗಿ ನಿದ್ದೆ ಬರಲಿಲ್ಲ. ಪ್ರಯೋಗಶಾಲೆಯಲ್ಲಿ ಸೀಸೆಯ ಮೇಲಿನ ಚೀಟಿಯನ್ನು ನಾವು ನಂಬುವವರಲ್ಲ. ಅನುಮಾನದ ಪುಡಿಗೆ ಗೊತ್ತಿರುವ ಪುಡಿಯನ್ನು ಬೆರೆಸಿ ಕಾಯಿಸುತ್ತೇವೆ. ಕರಗುವ ಬಿಂದು ಇಳಿಯದಿದ್ದರೆ ಎರಡೂ ಒಂದೇ, ಇಳಿದರೆ ಬೇರೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ನಮ್ಮ ವೃತ್ತಿಗೇ ಹೇಳಿ ಮಾಡಿಸಿದ್ದು. ಮನೆಗೆ ಬಂದೊಡನೆ ಅದನ್ನು ಮರೆತೆವು. ಹೊದಿಕೆ ಹೇಳಿದ ನೋವನ್ನೇ ಕಿವಿ ಕೇಳಿತು. ಒಬ್ಬ ಹೆಣ್ಣುಮಗಳ ತುಂಬು ಯೌವನದ ಶ್ರಮವನ್ನು, ನಾವೂ ನಮ್ಮ ಪಾಲಿಗೆ, ತೀರಿಕೊಂಡವರ ಲೆಕ್ಕಕ್ಕೆ ಬರೆದುಬಿಟ್ಟೆವು.

ತಟ್ಟೆಯನ್ನು ಎಸೆದಿಲ್ಲ. ಹಲೀನಾ ಅವರ ಹೆಸರನ್ನು ಕನ್ನಡದಲ್ಲಿ ಬರೆದು ಹೊದಿಕೆಗೆ ಅಂಟಿಸಿದ್ದೇವೆ. ಮಿತ್ರರು ಇನ್ನೊಮ್ಮೆ ಬರಬೇಕು. ಅತ್ತಿಗೆಯವರಂತೂ ತಪ್ಪದೆ ಬರಬೇಕು. ಚಕ್ಕುಲಿ, ಕಾಫಿ ಇರುತ್ತದೆ, ಭಾಷಣ ಇರುವುದಿಲ್ಲ. ಮೊದಲು ಸಂಗೀತ, ಹೆಸರು ಆಮೇಲೆ.