ಎದೆ ಡವಡವ ನಿಂತರೆ ಭಯ ನಿಂತೀತೆ?

ವಿದ್ವತ್ ಪರೀಕ್ಷೆಗೆ ಎರಡು ವಾರ ಇರುವಾಗ ಅಕ್ಕನ ಮಗಳು ಪಿಟೀಲನ್ನು ಪೆಟ್ಟಿಗೆಯೊಳಗಿಟ್ಟು ಅಳುತ್ತ ಕೂತಿದ್ದಳು. ಒಬ್ಬಳೇ ಕೂತು ನುಡಿಸಿದರೆ ತಾರಷಡ್ಜ ತೈಲಧಾರೆಯಂತೆ ಬರುತ್ತಿತ್ತು. ಎದುರಿಗೆ ಇಬ್ಬರು ಕೂತರೆ ಸಾಕು, ಬಲಗೈ ಮಣಿಕಟ್ಟು ಅದುರಿ ಕಮಾನು ತಂತಿಯ ಮೇಲೆ ಕುಪ್ಪಳಿಸುತ್ತಿತ್ತು. "ಚಿಕ್ಕಮ್ಮ, ನಂಗೆ ಪಾಠ ಬರುತ್ತೆ, ಕೈಗೆ ಬರ್ತಿಲ್ಲ" ಎಂದಳು.

ನಮ್ಮ ಮನೆ ಡಾಕ್ಟರು ಅವಳ ಬಿಪಿ ನೋಡಿ, ಎದೆಗೆ ಸ್ಟೆತಸ್ಕೋಪ್ ಇಟ್ಟು, ಚಿಕ್ಕಂದಿನಲ್ಲಿ ಉಬ್ಬಸ ಇತ್ತೇ ಎಂದು ಎರಡೆರಡು ಸಲ ಕೇಳಿ, ಪ್ರೊಪ್ರನೊಲಾಲ್ 10 ಮಿಲಿಗ್ರಾಂನ ನಾಲ್ಕೇ ನಾಲ್ಕು ಮಾತ್ರೆ ಬರೆದುಕೊಟ್ಟರು. "ಪರೀಕ್ಷೆ ದಿನವೇ ಮೊದಲ ಸಲ ತಗೋಬೇಡಮ್ಮ. ಭಾನುವಾರ ಮನೇಲಿ ಒಂದು ತಗೊಂಡು ನುಡಿಸಿ ನೋಡು." ಪರೀಕ್ಷೆಯ ದಿನ ಒಂದು ಗಂಟೆ ಮೊದಲು ನುಂಗಿದಳು. ಹೊರಗೆ ಬಂದಾಗ ಕೇಳಿದೆ, ಭಯ ಆಗಲಿಲ್ಲವೇ ಎಂದು. "ಆಯ್ತು ಚಿಕ್ಕಮ್ಮ. ಆದ್ರೆ ಅದು ಕೈಗೆ ಇಳೀಲಿಲ್ಲ."

ಪ್ರೊಪ್ರನೊಲಾಲ್‌ನಂಥ ಬೀಟಾ ಬ್ಲಾಕರ್ ಔಷಧಿಗಳ ಬಗ್ಗೆ ನಾನು ಓದಿರುವ ವಿವರಣೆಗಳಲ್ಲೆಲ್ಲ ಇದಕ್ಕಿಂತ ಚೊಕ್ಕವಾದದ್ದು ಸಿಕ್ಕಿಲ್ಲ.

ಹೆದರಿದಾಗ ಮೂತ್ರಪಿಂಡಗಳ ನೆತ್ತಿಯಲ್ಲಿ ಕೂತ ಅಡ್ರಿನಲ್ ಗ್ರಂಥಿಗಳು ರಕ್ತಕ್ಕೆ ಅಡ್ರಿನಲಿನ್ ಸುರಿಯುತ್ತವೆ. ನರಗಳ ತುದಿಯಲ್ಲಿ ಅದರ ದಾಯಾದಿಯಾದ ನಾರ್ ಅಡ್ರಿನಲಿನ್ ಒಸರುತ್ತದೆ. ಈ ರಾಸಾಯನಿಕಗಳು ಜೀವಕೋಶಗಳ ಮೇಲಿನ ಗ್ರಾಹಕಗಳಿಗೆ ಅಂಟಿಕೊಂಡಾಗ ಮಾತ್ರ ಅವುಗಳ ಆಟ ಶುರು. ಆ ಗ್ರಾಹಕಗಳಲ್ಲಿ ಎರಡು ಬಗೆ ಇರಬೇಕೆಂದು 1948ರಲ್ಲಿ ಅಮೆರಿಕದ ರೇಮಂಡ್ ಆಲ್‌ಕ್ವಿಸ್ಟ್ ವಾದಿಸಿ, ಅವಕ್ಕೆ ಆಲ್ಫಾ, ಬೀಟಾ ಎಂದು ಹೆಸರಿಟ್ಟರು. ಬಹಳ ವರ್ಷ ಆ ಮಾತನ್ನು ಹೆಚ್ಚು ಜನ ಕಿವಿಗೆ ಹಾಕಿಕೊಳ್ಳಲಿಲ್ಲ. ಹಾಕಿಕೊಂಡವರು ಸ್ಕಾಟ್ಲೆಂಡಿನ ಜೇಮ್ಸ್ ಬ್ಲ್ಯಾಕ್.

ಬ್ಲ್ಯಾಕ್ ಅವರ ತಂದೆ ಕಾರು ಅಪಘಾತವೊಂದರ ಬೆನ್ನಿಗೇ ಹೃದಯಾಘಾತವಾಗಿ ತೀರಿಕೊಂಡಿದ್ದರು. ಹೃದಯಕ್ಕೆ ರಕ್ತ ಸಾಲದೆ ಎದೆ ನೋಯುವ ಆಂಜೈನಾಕ್ಕೆ ಆಗ ಎಲ್ಲರೂ ರಕ್ತದ ಪೂರೈಕೆ ಹೆಚ್ಚಿಸುವ ದಾರಿ ಹುಡುಕುತ್ತಿದ್ದರು. ಬ್ಲ್ಯಾಕ್ ಪ್ರಶ್ನೆಯನ್ನೇ ತಿರುಗಿಸಿದರು: ಹೃದಯದ ಬೇಡಿಕೆಯನ್ನೇ ಕಡಿಮೆ ಮಾಡಿದರೆ? ಅಡ್ರಿನಲಿನ್ ಬಂದು ಕೂರುವ ಜಾಗದಲ್ಲಿ ಬೇರೊಂದು ಅಣುವನ್ನು ಮೊದಲೇ ಕೂರಿಸಿಬಿಟ್ಟರೆ? ಬ್ರಿಟನ್ನಿನ ಐಸಿಐ ಕಂಪನಿಯಲ್ಲಿ ಅವರ ತಂಡ ತಯಾರಿಸಿದ ಮೊದಲ ಔಷಧಿ ಇಲಿಗಳಲ್ಲಿ ಗಡ್ಡೆ ತಂದಿತು, ಕೈಬಿಟ್ಟರು. ಎರಡನೆಯದೇ ಪ್ರೊಪ್ರನೊಲಾಲ್. 1964ರಲ್ಲಿ ಅದರ ಬಗ್ಗೆ 'ಲ್ಯಾನ್ಸೆಟ್'ನಲ್ಲಿ ಬರೆದರು, 1988ರಲ್ಲಿ ನೊಬೆಲ್ ಬಂತು. ಎದೆನೋವಿಗೆಂದು ಹುಟ್ಟಿದ ಮಾತ್ರೆ ಭಯದ ಕಡೆಗೆ ಹೊರಳಲು ಹೆಚ್ಚು ಕಾಲ ಬೇಕಾಗಲಿಲ್ಲ. 1966ರಲ್ಲೇ ಲಂಡನ್ನಿನ ಗ್ರ್ಯಾನ್‌ವಿಲ್-ಗ್ರಾಸ್‌ಮನ್ ಮತ್ತು ಟರ್ನರ್ ಇದನ್ನು ಆತಂಕದ ರೋಗಿಗಳಿಗೆ ಕೊಟ್ಟು ನೋಡಿದ್ದರು. 1977ರಲ್ಲಿ ಇದೇ ಜಾತಿಯ ಆಕ್ಸ್‌ಪ್ರೆನೊಲಾಲನ್ನು ತಂತಿವಾದ್ಯದವರ ಮೇಲೆ ಪರೀಕ್ಷಿಸಿದರು. ನಡುಕ ಮೊದಲು ಕಾಣಿಸುವುದು ಕಮಾನು ಹಿಡಿದ ಕೈಯಲ್ಲೇ ಅಲ್ಲವೇ. ಮುಂದೆ ಅಮೆರಿಕದ ಆರ್ಕೆಸ್ಟ್ರಾ ಕಲಾವಿದರನ್ನು ಸಮೀಕ್ಷೆ ಮಾಡಿದಾಗ ಉತ್ತರಿಸಿದವರಲ್ಲಿ ನೂರಕ್ಕೆ 27 ಮಂದಿ ಈ ಬಗೆಯ ಮಾತ್ರೆ ಬಳಸಿದ್ದಾಗಿ ಒಪ್ಪಿಕೊಂಡರು. ಗುರಿಕಾರರಿಗೂ ಇದರ ರುಚಿ ಹತ್ತಿತ್ತು. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಪಿಸ್ತೂಲು ಸ್ಪರ್ಧೆಯ ಎರಡು ಪದಕ ಗೆದ್ದಿದ್ದ ಉತ್ತರ ಕೊರಿಯಾದ ಕಿಮ್ ಜೊಂಗ್ ಸು ಪ್ರೊಪ್ರನೊಲಾಲ್ ಪತ್ತೆಯಾಗಿ ಎರಡನ್ನೂ ಕಳೆದುಕೊಂಡರು.

ವೇದಿಕೆ, ಸಂದರ್ಶನ, ವೈವಾ ಇಂಥ ಭಯಗಳಿಗೆಲ್ಲ ಒಂದು ಸಮಾನ ಗುಣವಿದೆ. ಅವು ಹೇಳಿ ಬರುತ್ತವೆ. ದಿನ, ಗಂಟೆ ಗೊತ್ತಿರುವುದರಿಂದ ಮಾತ್ರೆಯನ್ನು ಮೊದಲೇ ನುಂಗಿ ಕಾಯಬಹುದು. ಪ್ಯಾನಿಕ್ ಅಟ್ಯಾಕ್ ಹೇಳಿ ಬರುವುದಿಲ್ಲ.

ನನಗೆ ಅದು ಮೊದಲು ಬಂದದ್ದು ರಾತ್ರಿ ಎರಡು ಗಂಟೆಗೆ, ನೀರು ಕುಡಿಯಲು ಎದ್ದಾಗ. ಎದೆ ಒಮ್ಮೆ ತಪ್ಪಿ ಹೊಡೆದಂತಾಯಿತು. ಆಮೇಲೆ ಹೊಡೆದೇ ಹೊಡೆಯಿತು. ಬೆರಳ ತುದಿ ಜುಮುಗುಟ್ಟಿತು, ಗಂಟಲು ಕಟ್ಟಿತು, ಸಾಯುತ್ತಿದ್ದೇನೆ ಎಂಬುದರಲ್ಲಿ ಎಳ್ಳಷ್ಟೂ ಸಂಶಯ ಉಳಿಯಲಿಲ್ಲ. ಆಟೊ ಹಿಡಿದು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಅರ್ಧ ಇಳಿದಿತ್ತು. ಇಸಿಜಿ ಸರಿಯಿತ್ತು. "ಗ್ಯಾಸ್ ಇರಬೇಕು" ಎಂದು ಕಳಿಸಿದರು. ಗ್ಯಾಸ್ ಅಲ್ಲವೆಂದು ನನಗೆ ಗೊತ್ತಿತ್ತು, ಏನೆಂದು ಗೊತ್ತಿರಲಿಲ್ಲ. ಆ ಗೊತ್ತಿಲ್ಲದಿರುವಿಕೆಯೇ ಮುಂದಿನ ಎರಡು ವರ್ಷ ನನ್ನನ್ನು ಆಳಿತು.

ಮೂರನೆಯ ಸಲದ ನಂತರ ಇನ್ನೊಬ್ಬ ವೈದ್ಯರು ಅದೇ ಪ್ರೊಪ್ರನೊಲಾಲ್ ಕೊಟ್ಟರು. ಬಂದಾಗ ತಗೊಳ್ಳಿ ಎಂದರು. ತಗೊಂಡೆ, ಹೋಯಿತು. ನಂಬಿಕೆ ಬೇರೂರಿತು. ಆದರೆ ಗಡಿಯಾರ ಇಟ್ಟು ನೋಡಿದ್ದರೆ ನಿಜ ತಿಳಿಯುತ್ತಿತ್ತು. ಪ್ಯಾನಿಕ್ ಅಲೆ ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುತ್ತತುದಿಗೆ ಏರಿ, ಅರ್ಧ ಗಂಟೆಯ ಆಸುಪಾಸಿಗೆ ತಾನಾಗಿ ಇಳಿಯುತ್ತದೆ. ಮಾತ್ರೆ ಕರಗಿ, ಕರುಳಿನಿಂದ ರಕ್ತಕ್ಕೆ ಸೇರಿ, ಯಕೃತ್ತನ್ನು ದಾಟಿ ಹೃದಯದಲ್ಲಿ ತನ್ನ ಜಾಗ ಹಿಡಿಯಲು ಸುಮಾರು ಒಂದು ಗಂಟೆ ಬೇಕು. ಅಲೆ ಹಿಂದೆ ಸರಿದ ಮೇಲೆ ಬಂದ ಮಾತ್ರೆಗೆ ನಾನು ಅಲೆಯನ್ನು ತಡೆದ ಪುಣ್ಯ ಕಟ್ಟಿದ್ದೆ. ಮಾತ್ರೆ ಇಲ್ಲದಿದ್ದರೆ ಸಾಯುತ್ತಿದ್ದೆ ಎಂಬ ಲೆಕ್ಕವೂ ಜೊತೆಗೇ ಬಂತು. ಪರ್ಸಿನೊಳಗೆ ಒಂದು ಸ್ಟ್ರಿಪ್ ಸದಾ ಇರಬೇಕಾಯಿತು. ಒಮ್ಮೆ ಮರೆತು ಹೊರಟವಳು ಬಸ್ಸು ಹತ್ತಿದ್ದರೂ ಮುಂದಿನ ಸ್ಟಾಪಿನಲ್ಲಿ ಇಳಿದು ಮನೆಗೆ ವಾಪಸು ಬಂದಿದ್ದೇನೆ.

ದಿನವೂ ತೆಗೆದುಕೊಂಡರಾದರೂ ತಡೆಯುತ್ತದೆಯೇ? ಪ್ಯಾನಿಕ್ ಕಾಯಿಲೆಗೆ ಬೀಟಾ ಬ್ಲಾಕರ್‌ಗಳು ಚೆನ್ನಾಗಿ ಕೆಲಸ ಮಾಡುತ್ತವೆ ಎನ್ನುವುದಕ್ಕೆ ಪುರಾವೆ ಬಹಳ ತೆಳು. ಏಕೆಂದು ಯೋಚಿಸಿದರೆ ಭಾವನೆಗಳ ಬಗ್ಗೆ ನೂರನಲವತ್ತು ವರ್ಷಗಳ ಹಿಂದಿನ ಚರ್ಚೆಯೊಂದಕ್ಕೆ ಹೋಗಬೇಕು. ಹೆದರಿದ್ದಕ್ಕೆ ಎದೆ ಹೊಡೆದುಕೊಳ್ಳುತ್ತದೆ ಎಂದು ನಾವು ಅಂದುಕೊಂಡಿದ್ದೇವೆ, ಎದೆ ಹೊಡೆದುಕೊಂಡ ಅನುಭವವೇ ಹೆದರಿಕೆ ಎಂದರು 1884ರಲ್ಲಿ ವಿಲಿಯಂ ಜೇಮ್ಸ್. ಅದು ಪೂರ್ತಿ ನಿಜವಾಗಿದ್ದರೆ ಬೀಟಾ ಬ್ಲಾಕರ್ ಭಯಕ್ಕೆ ರಾಮಬಾಣವಾಗಬೇಕಿತ್ತು. 1924ರಲ್ಲಿ ಸ್ಪೇನಿನ ವೈದ್ಯ ಮರಾನ್ಯೋನ್ ಜನರಿಗೆ ಅಡ್ರಿನಲಿನ್ ಚುಚ್ಚಿ ಕೇಳಿದಾಗ ಹಲವರು ಹೇಳಿದ್ದು, ಹೆದರಿದ ಹಾಗೆ ಆಗುತ್ತಿದೆ, ಹೆದರಿಕೆ ಮಾತ್ರ ಇಲ್ಲ ಎಂದು. ಭಯವಾಗಲು ದೇಹದ ಗದ್ದಲ ಸಾಲದು, ಆ ಗದ್ದಲಕ್ಕೆ ಮನಸ್ಸು ಒಂದು ಅರ್ಥ ಕೊಡಬೇಕು. 1986ರಲ್ಲಿ ಮನಶ್ಶಾಸ್ತ್ರಜ್ಞ ಡೇವಿಡ್ ಕ್ಲಾರ್ಕ್ ಪ್ಯಾನಿಕ್ಕನ್ನು ವಿವರಿಸಿದ್ದು ಹೀಗೆಯೇ. ಎದೆ ಸ್ವಲ್ಪ ಜೋರಾಗಿ ಹೊಡೆದದ್ದಕ್ಕೆ 'ಹಾರ್ಟ್ ಅಟ್ಯಾಕ್' ಎಂಬ ಅರ್ಥ ಸಿಕ್ಕರೆ ಭಯ ಹೆಚ್ಚುತ್ತದೆ, ಭಯದಿಂದ ಎದೆ ಇನ್ನೂ ಜೋರಾಗುತ್ತದೆ, ಅರ್ಥ ಇನ್ನೂ ಗಟ್ಟಿಯಾಗುತ್ತದೆ. ಮಾತ್ರೆ ಮುಟ್ಟುವುದು ಈ ಸುತ್ತಿನ ಒಂದು ಮಗ್ಗುಲನ್ನು ಮಾತ್ರ. ಬೆವರು, ತಲೆ ಹಗುರಾಗುವುದು, ಉಸಿರು ಸಾಲದೆನ್ನಿಸುವುದು ಅದರ ಕೈಗೆ ಸಿಗುವುದಿಲ್ಲ.

ಆ ಅರ್ಥ ನಮ್ಮ ಸುತ್ತಲಿಂದಲೂ ಬರುತ್ತದೆ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ಹೃದಯಾಘಾತದಿಂದ ತೀರಿಕೊಂಡ ನಂತರ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಗೆ ತಪಾಸಣೆಗಾಗಿ ಜನ ಮುಗಿಬಿದ್ದರು. 2025ರ ಜುಲೈಯಲ್ಲಿ ಹಾಸನದಲ್ಲಿ ಹೃದಯಾಘಾತದ ಸಾವುಗಳ ಸುದ್ದಿ ಹಬ್ಬಿದಾಗ ಮೈಸೂರಿನ ಜಯದೇವದಲ್ಲೂ ಅದೇ ನೂಕುನುಗ್ಗಲು. ಎದೆ ನೋವು ಬಂದವರು ಮೊದಲು ಹೃದಯವನ್ನೇ ತೋರಿಸಿಕೊಳ್ಳಬೇಕು, ಅದರಲ್ಲಿ ಎರಡು ಮಾತಿಲ್ಲ. ನನಗೆ ನೋವಾಗುವುದು ಹೃದಯ ಸರಿಯಿದೆ ಎಂದು ಗೊತ್ತಾದ ಮೇಲೆ ಅವರನ್ನು ಬರಿಗೈಲಿ ಮನೆಗೆ ಕಳಿಸುವುದು ಕಂಡಾಗ.

ಈ ಮಾತ್ರೆಯನ್ನು ಪಕ್ಕದ ಮನೆಯವರಿಂದ ಇಸಿದುಕೊಳ್ಳುವವರಿಗೆ ಒಂದು ಮಾತು. ಪ್ರೊಪ್ರನೊಲಾಲ್ ಹೃದಯದ ಬೀಟಾ ಗ್ರಾಹಕಗಳ ಜೊತೆಗೆ ಶ್ವಾಸನಾಳದ ಗ್ರಾಹಕಗಳನ್ನೂ ಮುಚ್ಚುತ್ತದೆ. ಉಬ್ಬಸ ಇರುವವರಲ್ಲಿ ಒಂದೇ ಮಾತ್ರೆ ಉಸಿರು ಕಟ್ಟಿಸಬಲ್ಲದು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಸಕ್ಕರೆ ಕುಸಿದಾಗ ಎಚ್ಚರಿಸುವುದು ಎದೆಬಡಿತ ಮತ್ತು ನಡುಕ, ಈ ಮಾತ್ರೆ ಅವೆರಡನ್ನೂ ಅಡಗಿಸಿಬಿಡುತ್ತದೆ, ಬೆವರೊಂದು ಉಳಿಯುತ್ತದೆ. ತಿಂಗಳುಗಟ್ಟಲೆ ತೆಗೆದುಕೊಂಡು ಥಟ್ಟನೆ ಬಿಟ್ಟರೆ ಹೃದಯ ತಿರುಗಿಬೀಳುತ್ತದೆ. ಮಿತಿ ಮೀರಿ ನುಂಗಿದರಂತೂ ನಾಡಿ ಕುಸಿದು, ಫಿಟ್ಸ್ ಬಂದು, ಬೇಗನೆ ಪ್ರಾಣಕ್ಕೆ ಎರವಾಗುತ್ತದೆ. ಆತಂಕದ ಜೊತೆ ಖಿನ್ನತೆ ಇರುವವರ ಮನೆಯಲ್ಲಿ ಇದರ ಡಬ್ಬಿ ಕಣ್ಗಾವಲಿನಲ್ಲೇ ಇರಬೇಕು.

ಪ್ಯಾನಿಕ್‌ಗೆ ಗಟ್ಟಿ ಪುರಾವೆ ಇರುವುದು ಎಸ್‌ಎಸ್‌ಆರ್‌ಐ ಎಂಬ ವರ್ಗದ ಔಷಧಿಗಳಿಗೆ, ಮತ್ತು ಕಾಗ್ನಿಟಿವ್ ಬಿಹೇವಿಯರ್ ಥೆರಪಿಗೆ. ಔಷಧಿ ಹಿಡಿಯಲು ಕೆಲವು ವಾರ ಬೇಕು, ತಾಳ್ಮೆ ಬೇಡುತ್ತದೆ. ಯಾರನ್ನು ಕೇಳುವುದೆಂದು ತಿಳಿಯದವರಿಗೆ ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಕನ್ನಡದಲ್ಲೇ ಮಾತಾಡಬಹುದು. ನಾನು ಹೋಗಿದ್ದು ಥೆರಪಿಗೆ. ಅಲ್ಲಿ ಸಮಾಧಾನದ ಮಾತು ಸಿಗುತ್ತದೆ ಎಂದುಕೊಂಡಿದ್ದೆ. ಮೂರನೆಯ ವಾರ ಅವರು ನನ್ನನ್ನು ಕಟ್ಟಡದ ಮೆಟ್ಟಿಲ ಬಳಿ ಕರೆದೊಯ್ದು, "ಬೇಗ ಬೇಗ ಹತ್ತಿ, ನಾನೂ ಬರ್ತೀನಿ" ಎಂದರು.

ಎರಡನೆಯ ಮಹಡಿಗೆ ಎದೆ ಕಿವಿಯಲ್ಲಿ ಹೊಡೆಯತೊಡಗಿತು. ಕೈ ತಾನಾಗಿ ಪರ್ಸಿನತ್ತ ಹೋಯಿತು. ಪರ್ಸನ್ನು ಕೆಳಗೆ ಅವರ ಮೇಜಿನ ಮೇಲೆ ಇಟ್ಟು ಬಂದಿದ್ದೆವು. "ಈಗ ಏನೂ ಮಾಡಬೇಡಿ. ಎಷ್ಟು ಹೊಡಿಯುತ್ತೋ ಹೊಡೀಲಿ, ನೀವು ಲೆಕ್ಕ ಇಡಿ" ಎಂದರು. ಮಣಿಕಟ್ಟಿನ ಮೇಲೆ ಬೆರಳಿಟ್ಟು ಎಣಿಸಿದೆ, ನಿಮಿಷಕ್ಕೆ 142. ಮೆಟ್ಟಿಲ ಮೇಲೆ ಇಬ್ಬರೂ ಕೂತೆವು. ಕಿಟಕಿಯಾಚೆ ಯಾರೋ ಸೊಪ್ಪು ಮಾರುತ್ತ ಕೂಗಿದರು. ಮತ್ತೆ ಎಣಿಸಿದೆ, 118. ಆಮೇಲೆ 96. "ಇನ್ನೊಂದು ಸಲ?" ಎಂದರು. ಎದ್ದು ಮೂರನೆಯ ಮಹಡಿಯ ಕಡೆಗೆ ಹತ್ತಿದೆ.