ಹಾಲಿ ಕೊಟ್ಟು ಕಲ್ದಾರ್ ತಗೊಳ್ಳೋದು: ಬ್ಲಾಕ್‌ಚೈನ್ ಲೆಕ್ಕ

ಬೀದರ್, ಭಾಲ್ಕಿ, ಔರಾದ್ ನಿಜಾಮರ ಆಳ್ವಿಕೆಯಲ್ಲಿದ್ದಾಗ ನಮ್ಮ ಕಡೆ ಎರಡು ರೂಪಾಯಿಗಳ ಲೆಕ್ಕ ಇತ್ತು. ಹೈದರಾಬಾದ್ ಸರ್ಕಾರದ್ದು ಹಾಲಿ ಸಿಕ್ಕಾ, ಬ್ರಿಟಿಷರದ್ದು ಕಲ್ದಾರ್. ಏಳು ಹಾಲಿಗೆ ಆರು ಕಲ್ದಾರ್ ಸರ್ಕಾರಿ ದರ. ನೂರು ಕಲ್ದಾರ್ ಬೇಕಂದ್ರೆ 116 ಹಾಲಿ ರೂಪಾಯಿ, 10 ಆಣೆ, 8 ಪೈ ಎಣಿಸಬೇಕು! ಸೊಲ್ಲಾಪುರ ಬ್ರಿಟಿಷರ ಕೈಲಿತ್ತು. ಅಲ್ಲಿಂದ ಬಟ್ಟೆ ತರಿಸುವ ಭಾಲ್ಕಿ ವ್ಯಾಪಾರಿಗೆ ಕಲ್ದಾರ್ ಬೇಕೇ ಬೇಕು.

ಗುಣಾಕಾರ ಹೆಂಗೋ ಆಗುತ್ತೆ. ತೊಡಕಿರುವುದು ಮೊದಲು ಯಾರು ಕೊಡಬೇಕು ಅನ್ನೋದರಲ್ಲಿ. ಎದುರು ಕೂತಿದ್ದರೆ ಈ ಕೈಲಿ ಕೊಟ್ಟು ಆ ಕೈಲಿ ತಗೋಬಹುದು. ದೂರ ಇದ್ದರೆ? 1974ರ ಜೂನ್ 26ರಂದು ಜರ್ಮನಿಯ ಹೆರ್ಷ್ಟಾಟ್ ಬ್ಯಾಂಕಿಗೆ ಬೇರೆ ಬ್ಯಾಂಕುಗಳು ಮಾರ್ಕ್ ಕೊಟ್ಟಾಗಿತ್ತು. ನ್ಯೂಯಾರ್ಕಿನಲ್ಲಿ ಡಾಲರ್ ಕೈಸೇರುವ ಮೊದಲೇ ಅದು ಬಾಗಿಲು ಹಾಕಿತು.

ಇಬ್ಬರ ಹಣವೂ ಒಂದೇ ಲೆಡ್ಜರಿನಲ್ಲಿದ್ದರೆ ಈ ಭಯ ಇಲ್ಲ. ಎರಡೂ ವರ್ಗಾವಣೆ ಒಂದೇ ಟ್ರಾನ್ಸಾಕ್ಷನ್. ಆದರೆ ಎರಡೂ ಆಗಬೇಕು, ಇಲ್ಲಾಂದ್ರೆ ಒಂದೂ ಇಲ್ಲ. ಇದಕ್ಕೆ ಮಾಮೂಲಿ ಡೇಟಾಬೇಸ್ ಸಾಲದೇ ಅಂತ ನೀವು ಕೇಳಬಹುದು. ಸಾಕು, ಆದರೆ ಅದನ್ನು ಯಾವ ದೇಶ ಇಟ್ಟುಕೊಳ್ಳಬೇಕು? ಒಂದು ದೇಶದ ಸರ್ವರಿನಲ್ಲಿ ತನ್ನ ಹಣ ಇಡಲು ಇನ್ನೊಂದು ಒಪ್ಪಲ್ಲ. ಅದಕ್ಕೇ ಎಂಬ್ರಿಜ್ ಯೋಜನೆಯಲ್ಲಿ ಪ್ರತಿ ಕೇಂದ್ರ ಬ್ಯಾಂಕೂ ತನ್ನದೇ ನೋಡ್ ನಡೆಸುತ್ತೆ, ತನ್ನ ಹಣವನ್ನು ತಾನೇ ಹೊರಡಿಸುತ್ತೆ. ಬಿಟ್‌ಕಾಯಿನ್ ತರಹ ಮೈನಿಂಗ್ ಇಲ್ಲ. 2022ರಲ್ಲಿ ಹಾಂಗ್‌ಕಾಂಗ್, ಥಾಯ್ಲೆಂಡ್, ಚೀನಾ, ಯುಎಇಗಳ 20 ಬ್ಯಾಂಕುಗಳು ಆರು ವಾರದಲ್ಲಿ 164 ವ್ಯವಹಾರ ಮಾಡಿದವು. ಮೊತ್ತ ಸುಮಾರು 2.2 ಕೋಟಿ ಡಾಲರ್.

ಅದರಲ್ಲಿ ನಮ್ಮ ಇ-ರೂಪಾಯಿ ಇರಲಿಲ್ಲ; ಅದರ ಪ್ರಯೋಗ ಶುರುವಾದದ್ದೇ ಆ ವರ್ಷದ ನವೆಂಬರಿನಲ್ಲಿ. 2023ರ ಮಾರ್ಚ್‌ನಲ್ಲಿ ರಿಸರ್ವ್ ಬ್ಯಾಂಕ್ ಮತ್ತು ಯುಎಇ ಕೇಂದ್ರ ಬ್ಯಾಂಕ್ ಡಿಜಿಟಲ್ ಕರೆನ್ಸಿಗಳನ್ನು ಜೋಡಿಸುವ ಬಗ್ಗೆ ಒಪ್ಪಂದಕ್ಕೆ ಸಹಿ ಹಾಕಿದವು. ದುಬೈಯಲ್ಲಿ ದುಡಿಯುವ ಔರಾದಿನ ಹುಡುಗ ಮನೆಗೆ ಹಣ ಕಳಿಸುತ್ತಾನೆ ಅನ್ನಿ. ಅಲ್ಲಿನ ಬ್ಯಾಂಕ್ ದಿರ್ಹಮ್ ಕೊಟ್ಟ ಕ್ಷಣದಲ್ಲೇ ಇಲ್ಲಿನ ಬ್ಯಾಂಕಿನಿಂದ ರೂಪಾಯಿ ಪಡೆದರೆ, ನಡುವೆ ಡಾಲರ್ ಬೇಕಿಲ್ಲ, ಮಧ್ಯವರ್ತಿ ಬ್ಯಾಂಕೂ ಬೇಕಿಲ್ಲ.

ಆದರೆ ಬಂದ ದಿರ್ಹಮನ್ನು ಇಲ್ಲಿನ ಬ್ಯಾಂಕ್ ಏನು ಮಾಡಬೇಕು? ಯುಎಇಯಿಂದ ನಾವು ಕಚ್ಚಾ ತೈಲ ತರಿಸುತ್ತೇವೆ, ಹಾಗಾಗಿ ಖರ್ಚಿಗೆ ದಾರಿ ಇದೆ. ವ್ಯಾಪಾರ ಒಂದೇ ಕಡೆ ವಾಲಿದ್ದರೆ ಕಷ್ಟ. 2023ರ ಮೇನಲ್ಲಿ ಗೋವಾಕ್ಕೆ ಬಂದಿದ್ದ ರಷ್ಯಾದ ವಿದೇಶಾಂಗ ಸಚಿವ ಲಾವ್ರೋವ್, ಭಾರತದ ಬ್ಯಾಂಕುಗಳಲ್ಲಿ ನಮ್ಮ ರೂಪಾಯಿ ರಾಶಿ ಬಿದ್ದಿದೆ, ಬಳಸೋಕೆ ಆಗ್ತಿಲ್ಲ ಎಂಬರ್ಥದಲ್ಲಿ ದೂರಿದ್ದರು. ಆ ರಾಶಿಯನ್ನು ಬ್ಲಾಕ್‌ಚೈನಿಗೆ ಹಾಕಿದ್ದರೂ ಅದು ಅಲ್ಲೇ ಇರುತ್ತಿತ್ತು.