ಬ್ಲೂಸ್ ಮೂಲದ ರಾಕ್ ಸಂಗೀತದ ಆಸ್ವಾದನೆ: ಶಿಶುನಾಳದ ತತ್ತ್ವಪದಗಳ ಬೆಳಕಿನಲ್ಲಿ

ಹಾರ್ಡ್ ರಾಕ್ ಎಂಬ ಪಾಶ್ಚಾತ್ಯ ಸಂಗೀತಪ್ರಕಾರವನ್ನು ಬರಿಯ ಅಬ್ಬರವೆಂದು ತಳ್ಳಿಹಾಕುವವರುಂಟು. ಅಬ್ಬರಕ್ಕಾಗಿಯೇ ಮೆಚ್ಚುವವರೂ ಉಂಟು. ಇಬ್ಬರೂ ಅದರ ಬೇರನ್ನು ಕಾಣರು. ಆ ಬೇರು ಬ್ಲೂಸ್. ಶಿಗ್ಗಾಂವ ತಾಲೂಕಿನ ಶಿಶುನಾಳದ ಶರೀಫ ಸಾಹೇಬರ (1819–1889) ತತ್ತ್ವಪದಗಳನ್ನು ಭಜನೆಯಲ್ಲಿ ಕೇಳಿದವರಿಗೆ ಅದರ ರೀತಿ ತೀರ ಅಪರಿಚಿತವೆನಿಸದು.

ಬ್ಲೂಸ್ ಅಮೆರಿಕದ ದಕ್ಷಿಣ ಪ್ರಾಂತಗಳಲ್ಲಿ ಆಫ್ರಿಕನ್ ಮೂಲದ ದುಡಿಮೆಗಾರರು ಕಟ್ಟಿದ ಹಾಡು. ಅದರ ರೂಢಿಯ ರೂಪದಲ್ಲಿ ಮೊದಲ ಸಾಲು ಎರಡು ಸಲ ಬರುತ್ತದೆ. ಮೂರನೆಯ ಸಾಲು ಅದಕ್ಕೆ ಉತ್ತರ. ನಾಲ್ಕು ಮಾತ್ರೆಗಳ 12 ಆವರ್ತಗಳಲ್ಲಿ ಒಂದು ನುಡಿ ಮುಗಿಯುತ್ತದೆ. ಸಾಲಿನ ಕೊನೆಯ ಬಿಡುವಿನಲ್ಲಿ ಗಿಟಾರು ಗಾಯಕನಿಗೆ ಓಗೊಡುತ್ತದೆ. ನಮ್ಮ ಭಜನೆಯಲ್ಲಿ ಒಬ್ಬನು ಹಾಡಿದುದನ್ನು ಮೇಳವು ಎತ್ತಿಕೊಳ್ಳುವಂತೆ, ಅಲ್ಲಿ ಆ ಕೆಲಸವನ್ನು ವಾದ್ಯವೂ ಮಾಡುತ್ತದೆ.

1940ರ ದಶಕದಲ್ಲಿ ಶಿಕಾಗೋ ನಗರದ ಗಾಯಕರು ಈ ಹಾಡಿಗೆ ವಿದ್ಯುತ್ ಗಿಟಾರನ್ನು ಅಳವಡಿಸಿದರು. 1960ರ ದಶಕದಲ್ಲಿ ಇಂಗ್ಲೆಂಡಿನ ತರುಣರು ಅದನ್ನು ಇನ್ನಷ್ಟು ಬಿರುಸುಗೊಳಿಸಿದರು. 1969ರಲ್ಲಿ ಹೊರಬಂದ ಲೆಡ್ ಜೆಪ್ಪೆಲಿನ್ ತಂಡದ ಮೊದಲ ಆಲ್ಬಮ್ ಇದಕ್ಕೆ ಒಳ್ಳೆಯ ನಿದರ್ಶನ. ಅದರಲ್ಲಿನ ‘ಯೂ ಷುಕ್ ಮೀ’ ಹಾಡನ್ನು ಮಡ್ಡಿ ವಾಟರ್ಸ್ 1962ರಲ್ಲಿ ಹಾಡಿದ್ದನು. ಅವನಲ್ಲಿ ಮೂರು ನಿಮಿಷದೊಳಗೆ ಮುಗಿಯುವ ಹಾಡು ಇಲ್ಲಿ ಆರು ನಿಮಿಷವನ್ನು ಮೀರುತ್ತದೆ. ಕೊನೆಯ ಭಾಗದಲ್ಲಿ ಗಾಯಕನ ಕಂಠವೂ ಗಿಟಾರೂ ಒಂದನ್ನೊಂದು ಅನುಕರಿಸಿ ಮಾರ್ನುಡಿಯುತ್ತವೆ. ಎರಡನ್ನೂ ಒಂದಾದಮೇಲೊಂದರಂತೆ ಕೇಳಿದಾಗ, ಅಬ್ಬರವೆಂದು ತೋರಿದುದು ಹಳೆಯ ಸಂವಾದದ ವಿಸ್ತರಣವೆಂದು ತಿಳಿಯುತ್ತದೆ.

ಆದರೆ ಆಸ್ವಾದನೆಯು ಋಣದ ಪ್ರಶ್ನೆಯನ್ನು ಬಿಡಲಾಗದು. ಮೇಲಿನ ಹಾಡಿನ ಕರ್ತೃಗಳಲ್ಲಿ ಒಬ್ಬನಾದ ವಿಲ್ಲಿ ಡಿಕ್ಸನ್ನನ ಹೆಸರು ಆ ಆಲ್ಬಮ್ಮಿನಲ್ಲಿದೆ. ಅದೇ ವರ್ಷದ ಎರಡನೆಯ ಆಲ್ಬಮ್ಮಿನ ‘ಹೋಲ್ ಲಾಟಾ ಲವ್’ ಹಾಡಿನಲ್ಲಿ ಅವನ ಹೆಸರಿರಲಿಲ್ಲ. ಅವನು 1985ರಲ್ಲಿ ನ್ಯಾಯಾಲಯಕ್ಕೆ ಹೋದನು; 1987ರಲ್ಲಿ ರಾಜಿಯಾಯಿತು.

ಕನ್ನಡದಲ್ಲಿ ಈ ಪ್ರಶ್ನೆ ಬೇರೆ ರೂಪದಲ್ಲಿ ಎದುರಾಗುತ್ತದೆ. 2008ರಲ್ಲಿ ರಘು ದೀಕ್ಷಿತರು ತಮ್ಮ ಮೊದಲ ಆಲ್ಬಮ್ಮಿನಲ್ಲಿ ಶರೀಫರ ‘ಸೋರುತಿಹುದು ಮನೆಯ ಮಾಳಿಗಿ’ ಮತ್ತು ‘ಗುಡುಗುಡಿಯ ಸೇದಿ ನೋಡೊ’ ಪದಗಳನ್ನು ರಾಕ್ ವಾದ್ಯಗಳೊಡನೆ ಹಾಡಿದರು. ಇದು ಹಾರ್ಡ್ ರಾಕ್ ಅಲ್ಲ, ಜಾನಪದ ರಾಕ್. ಆದರೂ ಪರೀಕ್ಷೆ ಒಂದೇ. ಮಣ್ಣಿನ ಮಾಳಿಗೆ ಮಳೆಗಾಲದಲ್ಲಿ ಸೋರುವುದು ಈ ಸೀಮೆಯವರು ಕಂಡ ಸಂಗತಿ. ಶರೀಫರಿಗೆ ಅದು ಎಚ್ಚರ ತಪ್ಪಿದ ಬಾಳಿನ ರೂಪಕ. ವಾದ್ಯದ ಬಲವು ಆ ಎಚ್ಚರಿಕೆಯನ್ನು ಹರಿತಗೊಳಿಸಿದರೆ ಪ್ರಯೋಗ ಸಾರ್ಥಕ. ಕುಣಿತದ ಗತ್ತು ಮಾತ್ರ ಉಳಿದರೆ ಅರ್ಥವೇ ಸೋರಿಹೋಗುತ್ತದೆ.

ಶರೀಫರ ಪದಗಳು ಕೃತಿಸ್ವಾಮ್ಯದ ಅವಧಿಯನ್ನು ಎಂದೋ ದಾಟಿವೆ. ಅವರ ಪರವಾಗಿ ಯಾರೂ ನ್ಯಾಯಾಲಯಕ್ಕೆ ಹೋಗಲಾರರು. ‘ಶಿಶುನಾಳಧೀಶ’ನೆಂಬ ಅಂಕಿತವೂ ಕೇಳುಗನ ತಿಳಿವಳಿಕೆಯೂ ಅವರಿಗಿರುವ ರಕ್ಷೆ. ಆದುದರಿಂದ ಅಧ್ಯಾಪಕರು ಇಂಥ ಆಲ್ಬಮ್ಮುಗಳನ್ನು ತರಗತಿಯಲ್ಲಿ ಕೇಳಿಸುವಾಗ ಮೊದಲು ಭಜನೆಯ ಧಾಟಿಯನ್ನೂ ಅನಂತರ ಹೊಸ ಪ್ರಯೋಗವನ್ನೂ ಕೇಳಿಸಿ, ಕೂಡಿದುದೇನು, ಕಳೆದುದೇನು ಎಂಬುದನ್ನು ವಿದ್ಯಾರ್ಥಿಗಳಿಂದಲೇ ಹೇಳಿಸುವುದು ಉಚಿತ.